ಆನೆ ಒಪ್ಪಿದ ಕೋಟು

ಹುಣಸೂರು

೧೯೨೭ನೇ ಇಸವಿ, ಆಗಸ್ಟ್ ತಿಂಗಳ ಎರಡನೆಯ ಸೋಮವಾರ, ಬೆಳಗ್ಗೆ ಆರು ಗಂಟೆ. ಹುಣಸೂರಿನ ನನ್ನ ಅಂಗಡಿಯ ಮುಂದೆ ಹಾಜರಿದ್ದವರು ಸಂಸ್ಥಾನದ ಗುಮಾಸ್ತೆ ನರಸಿಂಹಯ್ಯ, ಅಂತರಸಂತೆ ಕಡೆಯ ಜೇನುಕುರುಬರ ಮಾವುತ ಬೊಮ್ಮ, ಗೌರಿ ಎಂಬ ಎಳೆಯ ಹೆಣ್ಣಾನೆ ಮತ್ತು ನಾನು. ಐದೂವರೆಗೆ ಸೇರಬೇಕೆಂದು ಹೇಳಿದ್ದೆ. ಆನೆಯೂ ಬೊಮ್ಮನೂ ಐದಕ್ಕೇ ಬಂದು ನಿಂತಿದ್ದರು. ತಡವಾದದ್ದು ನರಸಿಂಹಯ್ಯನವರು. ಯಡತೊರೆಯಿಂದ ಅವರ ತಾಯಿ ಕಳಿಸಿದ್ದ ಪುಳಿಯೋಗರೆ ಗೊಜ್ಜಿನ ಜಾಡಿ ಗಾಡಿಯಲ್ಲಿ ಉರುಳಿ, ಅದನ್ನು ಒರೆಸುತ್ತ ಕುಳಿತಿದ್ದರಂತೆ. ಆ ಯಡತೊರೆಯನ್ನು ಈಗ ಕೃಷ್ಣರಾಜನಗರ ಎನ್ನುತ್ತಾರೆ.

ನನ್ನ ಪರಿಚಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಹೆಸರು ಗೌಸ್ ಸಾಹೇಬ. ಕುದುರೆ ಪಡೆಯ ಜೀನು ಕಾರ್ಖಾನೆಯಲ್ಲಿ ಕೆಲಸ ಮಾಡಿ, ಪಿಂಚಣಿ ಪಡೆದು, ಊರಿಗೆ ಬಂದು ತೊಗಲಿನ ಅಂಗಡಿ ಇಟ್ಟವನು. ಕೊಡಗಿನ ಕಾಫಿ ತೋಟದ ದೊರೆಗಳಿಗೆ ಮೈ ಅಳತೆ ತೆಗೆದು ತೊಗಲಿನ ಕೋಟು, ಕಾಲುಪಟ್ಟಿ ಹೊಲಿದುಕೊಡುವುದು ನನ್ನ ಕಸುಬು.

ಗೌರಿ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾದಲ್ಲಿ ತಾಯಿಯ ಹೊಟ್ಟೆಯಡಿ ನಿಂತು ಸಿಕ್ಕಿಬಿದ್ದ ಮರಿ. ಹಾಲು ಬಿಡದ ವಯಸ್ಸಿನಿಂದ ಅದನ್ನು ಸಾಕಿದವನು ಬೊಮ್ಮ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನ ಪ್ರಾಣಿಗಳ ತೋಟಕ್ಕೆ ಅದನ್ನು ಕಾಣಿಕೆಯಾಗಿ ಕೊಡುವುದೆಂದು ತೀರ್ಮಾನವಾಗಿತ್ತು. ಆನೆಯನ್ನು ತಲುಪಿಸುವುದು ಬೊಮ್ಮನ ಕೆಲಸ. ಅದರ ಹೊಟ್ಟೆಪಟ್ಟಿ, ಕೊರಳಪಟ್ಟಿಗಳನ್ನು ನೋಡಿಕೊಳ್ಳುವ ಬಗೆಯನ್ನು ಅಲ್ಲಿಯವರಿಗೆ ಕಲಿಸುವುದು ನನ್ನ ಕೆಲಸ. ಇಂಗ್ಲಿಷ್ ಮಾತಾಡುವುದು ನರಸಿಂಹಯ್ಯನವರದು. ಮೂವರೂ ಒಟ್ಟಿಗೆ ಹಿಂತಿರುಗಬೇಕು ಎಂಬುದು ನಮಗೆ ಹೇಳಿದ್ದ ಮಾತು.

ಹಡಗಿನ ಮೇಲೆ

ಹಡಗಿನಲ್ಲಿ ಮೊದಲು ಕೆಟ್ಟದ್ದು ನನ್ನ ವೇಳೆ. ಕಹಳೆಗೆ ಎದ್ದು ಕಹಳೆಗೆ ಮಲಗಿ ಬೆಳೆದವನು ನಾನು. ಪಡುವಣಕ್ಕೆ ಹೋದಂತೆಲ್ಲ ಹಡಗಿನವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಸರಿಯಾಗಿ ನಡೆಯುವ ಗಡಿಯಾರವನ್ನು ಯಾರಾದರೂ ತಿದ್ದುತ್ತಾರೆಯೆ? ನಾನು ನನ್ನದನ್ನು ಮುಟ್ಟಲಿಲ್ಲ. ಅದರ ಫಲವಾಗಿ, ಒಲೆ ಹೊತ್ತಿಸುವ ಮೊದಲೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ಅಡುಗೆಯವನು ಬೈದದ್ದು ಯಾವ ಭಾಷೆಯಲ್ಲೋ ತಿಳಿಯದು, ಬೈದದ್ದಂತೂ ತಿಳಿಯಿತು.

ಬೊಮ್ಮ ನಕ್ಕ. "ನಿಮ್ ಗಡಿಯಾರ ಇನ್ನೂ ಉಣಸೂರಲ್ಲೇ ಕುಂತದೆ ಸಾಬ್ರೇ. ಅಡಗು ಅತ್ತಿರೋದು ನೀವೊಬ್ರೇ ಕಣ್ರೀ!"

ಅವನಿಗೆ ಹಡಗಿನ ಓಲಾಟ ತಟ್ಟಲೇ ಇಲ್ಲ. ಕೆಳಗಿನ ಅಂಕಣದಲ್ಲಿ ಗೌರಿಯ ಮುಂಗಾಲಿಗೆ ಒರಗಿ ಮಲಗುತ್ತಿದ್ದ. ಆನೆ ಅಲುಗಿದಂತೆ ಅವನೂ ಅಲುಗುತ್ತಿದ್ದ. ನರಸಿಂಹಯ್ಯನವರು ಮಾತ್ರ ಏಡನ್ ಬರುವವರೆಗೂ ಮಜ್ಜಿಗೆಯನ್ನು ನೆನೆಯುತ್ತ ಮಲಗಿದ್ದರು.

ಪೋರ್ಟ್ ಸೈಯದ್ ಬಂದರಿನಲ್ಲಿ ದೋಣಿಯಲ್ಲಿ ಬಂದ ಒಬ್ಬ ವ್ಯಾಪಾರಿ ಹಗ್ಗಕ್ಕೆ ಕಟ್ಟಿ ತೊಗಲಿನ ಕೋಟೊಂದನ್ನು ಹಡಗಿಗೆ ಏರಿಸಿದ. ನಾನು ಅದರ ಮುಖ ನೋಡಲಿಲ್ಲ, ಒಳಗನ್ನು ಹೊರಗೆ ತಿರುಗಿಸಿದೆ. ಕೋಟು ಕೊಳ್ಳುವವರೆಲ್ಲ ಹೀಗೇ ಮಾಡಬೇಕು. ಕಂಕುಳ ಹೊಲಿಗೆ ಹೊಲಿಗೆಯೇ ಅಲ್ಲ, ಬರಿಯ ಅಂಟು. ಹೆಬ್ಬೆರಳಿನಿಂದ ಎತ್ತಿ ತೋರಿಸಿದೆ. ಅವನಿಗೆ ಕೋಪ ಬರಲಿಲ್ಲ. ಕೆಳಗಿನ ದೋಣಿಯಿಂದಲೇ ಎದೆಯ ಮೇಲೆ ಕೈಯಿಟ್ಟು ಸಲಾಮು ಮಾಡಿ, ಅದೇ ಕೋಟನ್ನು ಪಕ್ಕದ ಕಿಟಕಿಯ ದೊರೆಸಾನಿಗೆ ಮಾರಿಬಿಟ್ಟ.

ಪ್ರಾಣಿಗಳ ತೋಟ

ಅಲ್ಲಿಯ ಜನ ಸಾಲಾಗಿ ನಿಲ್ಲುವುದನ್ನು ಕಂಡು ನನಗೆ ಸಂತೋಷವಾಯಿತು. ನಮ್ಮ ಪಿರಿಯಾಪಟ್ಟಣದ ಸಂತೆಯಲ್ಲಿ ಕುರಿ ತೊಗಲು ಕೊಳ್ಳಲು ಹೋದರೆ ಮೊಣಕೈಯೇ ದಾರಿ. ಇಲ್ಲಿ ಯಾರದಾದರೂ ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ಬೊಮ್ಮ ಇದನ್ನು ಪರೀಕ್ಷಿಸಲು ಬೇಕೆಂದೇ ಇಬ್ಬರ ಕಾಲು ತುಳಿದು ಬಂದ. "ದಿಟ ಕಣ್ ಬುದ್ಧಿ," ಎಂದು ನರಸಿಂಹಯ್ಯನವರಿಗೆ ವರದಿ ಒಪ್ಪಿಸಿದ.

ಆದರೆ ಚಳಿ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಅಕ್ಟೋಬರ್ ಹೊತ್ತಿಗೆ ಬಾಯಿ ತೆರೆದರೆ ಹೊಗೆ. ಆನೆಯ ಮನೆಯಲ್ಲಿ ಕಲ್ಲಿದ್ದಲಿನ ಒಲೆ ಇತ್ತು, ಆನೆಗೆ ಸಾಕಾಗಿತ್ತು. ಬೊಮ್ಮನ ಮೈಮೇಲೆ ಊರಿನಿಂದ ತಂದ ಒಂದು ಕಂಬಳಿ ಮಾತ್ರ. ಅವನಿಗೆ ಕೆಮ್ಮು ಹಿಡಿಯಿತು. ವೈದ್ಯರು ಎದೆಗೆ ಕೊಳವೆ ಇಟ್ಟು ಕೇಳಿದರು. ಚಳಿಗಾಲ ಇಲ್ಲಿ ಕಳೆದರೆ ಈ ಎದೆ ಉಳಿಯುವುದಿಲ್ಲ ಎಂದರು. ನರಸಿಂಹಯ್ಯನವರು ಅದನ್ನು ಬೊಮ್ಮನಿಗೆ ಅರ್ಧ ಹೇಳಿದರು, ನನಗೆ ಪೂರ್ತಿ ಹೇಳಿದರು.

ನಾವು ಹಿಂತಿರುಗುವ ಹಡಗು ನವೆಂಬರ್ ಕೊನೆಗೆ ಇತ್ತು. ಆಗ ತೋಟದ ಮೇಲಧಿಕಾರಿ ಒಂದು ಮಾತು ತೆಗೆದರು. ಗೌರಿ ಅಲ್ಲಿಯ ಪಾಲಕನಿಗೆ ಒಗ್ಗುವವರೆಗೆ ಮಾವುತ ಹೊರಡುವಂತಿಲ್ಲ. ಹಟದ ಆನೆಯನ್ನು ನಮ್ಮ ಕೈಗೆ ಬಿಟ್ಟು ಹೋದರೆ ನಾಳೆ ಯಾರದಾದರೂ ಪ್ರಾಣ ಹೋದೀತು ಎಂದರು. ಮಾತು ನ್ಯಾಯವಾದದ್ದೇ. ಆದರೆ ಆ ಪಾಲಕ, ಕೆಂಪು ಕೂದಲಿನ, ಒಳ್ಳೆಯ ಮನಸ್ಸಿನ ಟಾಮ್, ಹತ್ತಿರ ಬಂದರೆ ಗೌರಿ ಅವನನ್ನು ಸೊಂಡಿಲಿನಿಂದ ಗೋಡೆಗೆ ತಳ್ಳುತ್ತಿತ್ತು. ಅವನ ಟೋಪಿಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಮತ್ತೆ ಅವನ ಕಡೆಗೇ ಎಸೆಯುತ್ತಿತ್ತು.

"ಓಗ್ಲಿ ಬುಡಿ ಸಾಬ್ರೇ," ಎಂದ ಬೊಮ್ಮ ಕೆಮ್ಮುತ್ತ. "ಅದ್ಕೆ ನಾನೇ ಅಪ್ಪ, ನಾನೇ ಅವ್ವ. ಇನ್ನೊಬ್ನ ಯಾಕೆ ಒಪ್ಕತದೆ?" ಆ ಮಾತಿನಲ್ಲಿ ಸಂಕಟಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ವಾಕರ್ ಅವರ ಅಂಗಡಿ

ಬೊಮ್ಮನಿಗೊಂದು ತೊಗಲಿನ ಕೋಟು ಹೊಲಿಯುವುದೆಂದು ನಿಶ್ಚಯಿಸಿದೆ. ಎರಡು ಬೀದಿಯಾಚೆ ವಾಕರ್ ಎಂಬ ಮುದುಕರ ಜೀನಿನ ಅಂಗಡಿ ಇತ್ತು. ಬಾಗಿಲು ತೆರೆದ ಕೂಡಲೆ ಹುಣಸೂರಿನ ವಾಸನೆ. ಕಣ್ಣು ಮುಚ್ಚಿದ್ದರೆ ನಮ್ಮ ಮಸೀದಿ ಬೀದಿ ಎಂದೇ ಹೇಳುತ್ತಿದ್ದೆ.

ನನ್ನ ಭಾಷೆ ಅವರಿಗೆ ಬಾರದು, ಅವರದು ನನಗೆ ಬಾರದು. ಅವರು ಒಂದು ದಾರಕ್ಕೆ ಎರಡು ಸೂಜಿ ಹಾಕಿ, ಒಂದೇ ತೂತಿನಲ್ಲಿ ಎರಡು ಕಡೆಯಿಂದ ಹಾಯಿಸಿ ಬಿಗಿದರು. ನಾನು ನನ್ನ ಚೀಲದಿಂದ ಸೂಜಿ ತೆಗೆದು ಅದೇ ಹೊಲಿಗೆ ಮುಂದುವರಿಸಿದೆ. ಅವರದು ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂದು ನರಸಿಂಹಯ್ಯನವರಿಗೆ ತೋರಿಸಲಾಗಲಿಲ್ಲ. ಅಂದಿನಿಂದ ಅಂಗಡಿಯ ಒಂದು ಮೂಲೆ ನನ್ನದಾಯಿತು.

ತೊಗಲನ್ನು ಹದ ಮಾಡಲು ನಮ್ಮಲ್ಲಿ ತಂಗಡಿ ಚಕ್ಕೆ, ಅವರಲ್ಲಿ ಓಕ್ ಎಂಬ ಮರದ ಚಕ್ಕೆ. ತಂಗಡಿಯಲ್ಲಿ ಹದವಾದದ್ದು ಬಿಸಿಲಿಗೆ ಕೆಂಪಾಗುತ್ತದೆ, ಕೊನೆಗೆ ಅಳಲೆಕಾಯಿ ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂದು ನರಸಿಂಹಯ್ಯನವರ ಬಾಯಿಂದ ಹೇಳಿಸಿದೆ. ನೆನೆದ ಕೋಟನ್ನು ಬೆಂಕಿಯ ಬಳಿ ಒಣಗಿಸುವವನು ಕೋಟನ್ನು ಸುಟ್ಟಂತೆಯೇ, ಭುಜದಗಲದ ಮರದ ಕೋಲಿಗೆ ತೂಗುಹಾಕಿ ಗಾಳಿಗೆ ಬಿಡಬೇಕು ಎಂದು ವಾಕರ್ ಹೇಳಿದರು. ಇದನ್ನು ಇಂದಿಗೂ ಗಿರಾಕಿಗಳಿಗೆ ಹೇಳುತ್ತೇನೆ, ಕೇಳುವವರು ಕಡಿಮೆ.

ಅಳತೆಯ ದಿನ ಒಂದು ಎಡವಟ್ಟಾಯಿತು. ಅಂಗಡಿಯ ಗಾಜಿನಾಚೆ ದಾರಿಹೋಕರು ಗುಂಪುಗೂಡಿ ನೋಡುತ್ತಿದ್ದರು. ಬೊಮ್ಮ ಅವರ ಕಡೆ ತಿರುಗಿ ಎದೆಯುಬ್ಬಿಸಿ ನಿಂತುಬಿಟ್ಟ.

"ಉಸಿರು ಬಿಡೋ," ಎಂದೆ.

"ಬುಟ್ಟಿವ್ನಿ ಸಾಬ್ರೇ," ಎಂದ ಉಬ್ಬಿದ ಎದೆಯಿಂದಲೇ.

ನನಗೆ ಅವಸರ. ಆ ಉಬ್ಬಿದ ಎದೆಗೇ ಅಳತೆಯ ದಾರ ಸುತ್ತಿ ಗಂಟು ಹಾಕಿಕೊಂಡೆ. ತೊಗಲು ಬಟ್ಟೆಯ ಹಾಗಲ್ಲ. ಬಟ್ಟೆಯ ಹೊಲಿಗೆ ತಪ್ಪಿದರೆ ಬಿಚ್ಚಿ ಇಸ್ತ್ರಿ ಹಾಕಿದರೆ ಗುರುತು ಹೋಗುತ್ತದೆ. ತೊಗಲಿನಲ್ಲಿ ಸೂಜಿ ಒಮ್ಮೆ ಹಾದರೆ ಆ ತೂತು ಅದರ ಆಯುಷ್ಯವಿರುವವರೆಗೂ ಇರುತ್ತದೆ. ಉಣ್ಣೆ ಒಳಮುಖವಾದ ಕುರಿ ತೊಗಲಿನ ಕೋಟು ಸಿದ್ಧವಾದಾಗ ಎದೆಯ ಬಳಿ ಇನ್ನೊಬ್ಬ ಬೊಮ್ಮ ಹಿಡಿಯುವಷ್ಟು ಸಡಿಲವಿತ್ತು. ಅವನಿಗೆ ಅದೇ ಹಿಗ್ಗು. "ದೊರೆ ಕೋಟು ಅಂದ್ರೆ ಇಂಗೇ ಇರ್ಬೇಕು ಕಣ್ರೀ. ಗಾಳಿ ಆಡ್ತದೆ!"

ಕೋಟಿನ ಮೊದಲ ದಿನ

ಅದನ್ನು ತೊಟ್ಟು ಬೊಮ್ಮ ಗೌರಿಯ ಮುಂದೆ ನಿಂತ. ಆನೆ ಸೊಂಡಿಲು ಚಾಚಿ ಅವನ ಭುಜ ಮೂಸಿತು. ಕಿವಿಗಳನ್ನು ಅಗಲಿಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ಅವನು ಮಾತಾಡಿಸುತ್ತ ಹತ್ತಿರ ಹೋದ. ಅದು ಗೋಡೆಗೆ ಬೆನ್ನೊತ್ತಿ ಚೀರಿತು.

"ಲೇ ಗೌರಿ, ನಾನು ಕಣವ್ವ! ನಾನು!"

ಧ್ವನಿ ಅವನದು, ವಾಸನೆ ಅವನದಲ್ಲ. ಅಲ್ಲಿಯ ತೊಗಲಿಗೆ ಮೀನೆಣ್ಣೆ ತಿನ್ನಿಸುತ್ತಾರೆ. ನಾವು ಹಾಕುವುದು ಹೊಂಗೆಯೆಣ್ಣೆ. ಊರಿನ ಪಟ್ಟಿಗಳ ಹೊಂಗೆ ವಾಸನೆ ಗೌರಿಗೆ ಮರಿಯಾಗಿದ್ದಾಗಿನಿಂದ ಪರಿಚಿತ. ಈ ಮೀನಿನ ವಾಸನೆಯೊಳಗಿಂದ ತನ್ನ ಮನುಷ್ಯನ ಧ್ವನಿ ಬಂದರೆ ಯಾವ ಪ್ರಾಣಿ ಹೆದರುವುದಿಲ್ಲ? ಇದು ನನಗಾಗಲಿ ಬೊಮ್ಮನಿಗಾಗಲಿ ಮೊದಲೇ ಹೊಳೆದಿರಲಿಲ್ಲ. ಅವನು ಕೋಟು ಕಳಚಿ ಎಸೆದು, ಬರಿಮೈಯಲ್ಲಿ ಅದರ ಕೊರಳು ತಬ್ಬಿ ನಿಂತ. ಆ ಸಂಜೆ ಕೆಮ್ಮು ಹೆಚ್ಚಾಯಿತು.

ಕೋಟನ್ನು ಬಿಟ್ಟರೆ ಎದೆ ಉಳಿಯದು, ತೊಟ್ಟರೆ ಆನೆ ಸೇರದು. ನಾನು ಒಂದು ಕ್ರಮ ಹಾಕಿಕೊಟ್ಟೆ. ಆನೆಯಿಂದ ದೂರವಿದ್ದಾಗಲೆಲ್ಲ ಕೋಟು ಮೈಮೇಲಿರಬೇಕು, ಮಲಗುವಾಗಲೂ. ದಿನವೂ ಒಳಗಿನ ಉಣ್ಣೆಯನ್ನು ಗೌರಿಯ ಹುಲ್ಲಿನಲ್ಲಿ ಉಜ್ಜಬೇಕು. ಊರಿನಿಂದ ತಂದಿದ್ದ ಹೊಂಗೆಯೆಣ್ಣೆಯನ್ನು ನಾನು ಹೊರಮೈಗೆ ತಿನ್ನಿಸುತ್ತೇನೆ. ಜೇಬಿನಲ್ಲಿ ಬೆಲ್ಲ ಇರಬೇಕು. ತೊಗಲು ತೊಟ್ಟವನ ಬೆವರನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ, ತೊಳೆದರೂ ಬಿಡುವುದಿಲ್ಲ. ಗಿರಾಕಿಗಳು ಇದನ್ನು ದೋಷವೆಂದು ದೂರುತ್ತಾರೆ. ಈಗ ಅದೇ ನಮಗೆ ಬೇಕಾಗಿತ್ತು.

ಬೊಮ್ಮ ತಪ್ಪದೆ ನಡೆಸಿದ. ಕೆಲವು ದಿನ ಕಳೆದ ಮೇಲೆ ಗೌರಿ ದೂರದಿಂದಲೇ ಜೇಬಿಗೆ ಸೊಂಡಿಲು ಚಾಚಿತು. ಆಮೇಲೆ ಜೇಬನ್ನೇ ಕಿತ್ತಿತು. ನಾನು ತೇಪೆ ಹಾಕಿದೆ. ಕೊನೆಗೆ ಅದು ಬೊಮ್ಮನ ಕಂಕುಳಿಗೆ ಸೊಂಡಿಲು ಸೇರಿಸಿ, ತೋಳಿನ ತುದಿಗಳನ್ನು ಬಾಯಲ್ಲಿಟ್ಟು ಚೀಪುತ್ತ, ನಿಂತಲ್ಲೇ ಕಣ್ಣು ಮುಚ್ಚುವಷ್ಟು ಒಗ್ಗಿತು. ತೋಳಿನ ತುದಿಗಳು ಅದರ ಜೊಲ್ಲಿನಿಂದ ಕಪ್ಪಾದವು. ಬೊಮ್ಮನ ಕೆಮ್ಮೂ ತಗ್ಗಿತು. ಆ ದಿನಗಳಲ್ಲಿ ನಾವು ಮೂವರೂ ಸುಖವಾಗಿದ್ದೆವು. ಅಲ್ಲಿಗೇ ನಾನು ಸುಮ್ಮನಿರಬಹುದಾಗಿತ್ತು.

ಒಂದು ಬೆಳಗ್ಗೆ ಬೊಮ್ಮ ಕೋಟನ್ನು ಗೂಟಕ್ಕೆ ಸಿಕ್ಕಿಸಿ ನೀರು ತರಲು ಹೋಗಿದ್ದ. ಗೌರಿ ಆ ಖಾಲಿ ಕೋಟಿನ ಮುಂದೆ ನಿಂತು, ಅದರ ತೋಳನ್ನು ಹಿಡಿದು, ಬೊಮ್ಮನ ಜೊತೆ ಮಾಡುವಂತೆಯೇ ಮೆಲ್ಲಗೆ ಗುರುಗುಟ್ಟುತ್ತಿತ್ತು. ನಾನು ಅದನ್ನು ಕಂಡೆ. ಉಪಾಯ ಹೊಳೆದದ್ದು ಆಗಲೇ.

ಟಾಮ್

ಕೋಟನ್ನು ಟಾಮ್ ತೊಡಲಿ ಎಂದೆ.

ನರಸಿಂಹಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. "ಅದು ಆನೆಗೆ ಮೋಸ ಮಾಡಿದ ಹಾಗಾಗೋದಿಲ್ವೆ ಸಾಹೇಬ್ರೇ?"

"ಮನುಷ್ಯ ಬದುಕಿ ಊರು ಸೇರಬೇಕು ಸ್ವಾಮಿ," ಎಂದೆ.

ಬೊಮ್ಮ ಮಾತ್ರ ಗಟ್ಟಿಯಾಗಿ ನಕ್ಕ. "ತೊಡಸ್ರಿ! ನೋಡೇ ಬುಡಣ. ನನ್ ಕೂಸು ಕೋಟಿಗೂ ನನಗೂ ಯತ್ಯಾಸ ಕಾಣ್ದಷ್ಟು ದಡ್ಡಿ ಅಲ್ಲ ಕಣ್ರೀ."

ಟಾಮನ ಎದೆ ಅಗಲ. ಬೊಮ್ಮ ಅಂದು ಉಸಿರು ಬಿಗಿಹಿಡಿದದ್ದರಿಂದ ಕೋಟು ಅವನಿಗೆ ಅಳತೆ ತೆಗೆದಂತೆ ಕೂತಿತು. ತೋಳು ಮಾತ್ರ ಗೇಣುದ್ದ ಸಾಲದು. ಅವನು ಕೋಟು ತೊಟ್ಟು, ಆನೆಯನ್ನು ಕೂರಿಸಲು ಬೊಮ್ಮ ಹೇಳಿಕೊಟ್ಟಿದ್ದ "ಬೈಟ್" ಎಂಬ ಒಂದೇ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಒಳಗೆ ಹೋದ. ನಾವು ಮೂವರೂ ಮೇಲಧಿಕಾರಿಯೂ ಕಂಬಿಯಾಚೆ ನಿಂತೆವು.

ಗೌರಿ ಮೂಸಿತು. ಇನ್ನೊಮ್ಮೆ ಮೂಸಿತು. ಮುಖ ನೋಡಿ ಅನುಮಾನದಿಂದ ತಲೆ ತೂಗಿತು. ಆಮೇಲೆ ಸೊಂಡಿಲನ್ನು ಅವನ ಕಂಕುಳಿಗೆ ಸೇರಿಸಿತು.

"ಬೈಟ್," ಎಂದ ಟಾಮ್.

ಆನೆ ಕುಳಿತಿತು.

ಮೇಲಧಿಕಾರಿ ಚಪ್ಪಾಳೆ ತಟ್ಟಿದರು. ನರಸಿಂಹಯ್ಯನವರು ಕಣ್ಣು ಬೇರೆ ಕಡೆ ತಿರುಗಿಸಿದರು. ಬೊಮ್ಮ ಕಂಬಿ ಹಿಡಿದ ಕೈ ತೆಗೆಯಲಿಲ್ಲ. "ಬೆಲ್ಲ ಜೇಬಲ್ಲೇ ಅದೆ. ಅವನಿಗೆ ಯೋಳಿ," ಎಂದಷ್ಟೇ ಹೇಳಿದ.

ಹೊರಡುವ ದಿನ

ಹಿಂದಿನ ದಿನವೆಲ್ಲ ವಾಕರ್ ಅವರ ಅಂಗಡಿಯಲ್ಲಿ ಕುಳಿತು ತೋಳುಗಳನ್ನು ಉದ್ದ ಮಾಡಿದೆ. ಕಪ್ಪಾದ ತುದಿಗಳನ್ನು ಕತ್ತರಿಸಿ ತೆಗೆದು, ಊರಿನ ಹಳೆಯ ಹೊಟ್ಟೆಪಟ್ಟಿಯಿಂದ ಮೃದುವಾದ ಭಾಗವನ್ನು ಸೀಳಿ ಜೋಡಿಸಿದೆ. ತಂಗಡಿ ಚಕ್ಕೆಯಲ್ಲಿ ಹದವಾದ ಹುಣಸೂರಿನ ತೊಗಲು, ಗೌರಿಗೆ ಪರಿಚಯದ್ದು. ಕತ್ತರಿಸಿದ ತುಂಡುಗಳನ್ನು ಬಿಸಾಡುವ ಅಭ್ಯಾಸ ನನಗಿಲ್ಲ, ಚೀಲಕ್ಕೆ ಸೇರಿಸಿದೆ. ವಾಕರ್ ಹೊಲಿಗೆಯನ್ನು ತಿರುಗಿಸಿ ನೋಡಿ, ನನ್ನ ಕೈ ಕುಲುಕಿ, ಅವರ ಮೇಣದ ಉಂಡೆಯಲ್ಲಿ ಅರ್ಧ ಮುರಿದು ಕೊಟ್ಟರು.

ಬೆಳಗ್ಗೆ ಟಾಮ್ ಗೌರಿಯನ್ನು ಹುಲ್ಲಿನ ಬಯಲಿಗೆ ಕರೆದು ತಂದ. ಗಾಡಿ ಬಾಗಿಲಲ್ಲಿ ನಿಂತಿತ್ತು. ಬೊಮ್ಮ ಮತ್ತೆ ತನ್ನ ಹಳೆಯ ಕಂಬಳಿ ಹೊದ್ದು ಬೇಲಿಯ ಈಚೆ ನಿಂತಿದ್ದ. ಗಾಳಿ ಅವರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ನಮ್ಮ ವಾಸನೆ ಅದಕ್ಕೆ ಮುಟ್ಟುವಂತಿರಲಿಲ್ಲ. ಗೌರಿ ಕೋಟಿನ ಪಕ್ಕದಲ್ಲಿ, ಹೊಸ ತೋಳಿಗೆ ಸೊಂಡಿಲು ತಗುಲಿಸಿಕೊಂಡು, ಹೆಜ್ಜೆಗೆ ಹೆಜ್ಜೆ ಹಾಕುತ್ತ ನಮ್ಮೆದುರೇ ಹಾದು ಹೋಯಿತು. ನಮ್ಮ ಕಡೆ ತಿರುಗಲಿಲ್ಲ.

"ಕರೀಲಾ ಸಾಬ್ರೇ?" ಎಂದ ಬೊಮ್ಮ. "ಒಂದೇ ಕಿತ."

ಕರೆದಿದ್ದರೆ ಅದು ಬರುತ್ತಿತ್ತು. ಬೇಲಿ ಮುರಿದುಕೊಂಡಾದರೂ ಬರುತ್ತಿತ್ತು. ಇಷ್ಟು ದಿನದ ಕೆಲಸ ಕೆಡುತ್ತಿತ್ತು, ಹಡಗು ತಪ್ಪುತ್ತಿತ್ತು, ಚಳಿಗಾಲ ಅವನನ್ನು ತಿನ್ನುತ್ತಿತ್ತು. ಇದೆಲ್ಲ ನನ್ನ ತಲೆಯಲ್ಲಿ ಕ್ರಮವಾಗಿ ಬಂದಿತು.

"ಬೇಡ," ಎಂದೆ.

ಅವನು ಕರೆಯಲಿಲ್ಲ. ಆ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ. ಹೇಳದೆ ಇದ್ದಿದ್ದರೆ ಏನಾಗುತ್ತಿತ್ತೋ ಬಲ್ಲೆ. ಆದರೂ ಅನ್ನಿಸುತ್ತದೆ.

ಹಡಗಿನಲ್ಲಿ ನಾನು ಈ ಬಾರಿ ಗಡಿಯಾರವನ್ನು ದಿನವೂ ತಿದ್ದಿಕೊಂಡೆ. ಅದನ್ನು ನೋಡಿ ನಗುವವನು ನಗಲಿಲ್ಲ. ಕೆಳಗಿನ ಅಂಕಣದಲ್ಲಿ ಆನೆ ಇರಲಿಲ್ಲವಲ್ಲ, ಬೊಮ್ಮನಿಗೆ ಮೊದಲ ಬಾರಿ ಸಮುದ್ರದ ಓಲಾಟ ತಟ್ಟಿತು, ಮಲಗಿಬಿಟ್ಟ. ನರಸಿಂಹಯ್ಯನವರು ತಮ್ಮ ಶಾಲನ್ನು ಅವನಿಗೆ ಹೊದಿಸಿ, ಮಡಿ ಗಿಡಿ ಎಲ್ಲ ಬಿಟ್ಟು, ಅವನಿಗೆ ಗಂಜಿ ಕುಡಿಸಿದರು. ಏಡನ್ ದಾಟಿದ ಮೇಲೆ ಒಮ್ಮೆ ಅವನೇ ಮಾತೆತ್ತಿದ.

"ಗೆದ್ರಿ ಬುಡಿ ಸಾಬ್ರೇ. ನಿಮ್ ಕೋಟು ನನ್ಗಿಂತ ಚೆಂದಾಗದೆ."

ನನ್ನ ಕೆಲಸವನ್ನು ಬಹಳ ಜನ ಹೊಗಳಿದ್ದಾರೆ. ಅಂಥ ಹೊಗಳಿಕೆ ಇನ್ನೊಂದಿಲ್ಲ.

ಮತ್ತೆ ಹುಣಸೂರು

ಊರು ಮುಟ್ಟಿದಾಗ ಮಧ್ಯಾಹ್ನ. ನರಸಿಂಹಯ್ಯನವರು ಮೈಸೂರಿನಲ್ಲೇ ಉಳಿದಿದ್ದರು. ಹೆಗ್ಗಡದೇವನಕೋಟೆಯ ಕಡೆಗೆ ಹೋಗುವ ಗಾಡಿ ಕಾಯುತ್ತ ಬೊಮ್ಮ ನನ್ನ ಅಂಗಡಿಯ ಜಗಲಿಯಲ್ಲಿ ಕುಳಿತ. ಕೆಮ್ಮು ನಿಂತಿತ್ತು. ಮೈಗೆ ಬಿಸಿಲು ತಾಗಿ ಮುಖದಲ್ಲಿ ಕಳೆ ಬಂದಿತ್ತು. ನಾನು ಬೀಗ ತೆಗೆದು, ಕಸ ಗುಡಿಸಿ, ಹತಾರಗಳನ್ನು ಸಾಲಾಗಿ ಜೋಡಿಸಿದೆ.

"ಬೊಮ್ಮ, ನಿನಗೆ ಇನ್ನೊಂದು ಕೋಟು ಹೊಲಿದುಕೊಡ್ತೀನಿ. ಈ ಸಲ ಸರಿಯಾದ ಅಳತೆಗೆ."

"ಇಲ್ಲಿ ಎಲ್ಲದೆ ಚಳಿ?" ಎಂದ. ಆಮೇಲೆ ನನ್ನ ಚೀಲದ ಕಡೆ ನೋಡಿದ. "ಆ ತೋಳಿನ ತುಂಡುಗೋಳು ಬಿಸಾಕ್ಬುಟ್ರಾ?"

ಚೀಲದಿಂದ ತೆಗೆದು ಕೊಟ್ಟೆ. ಕಪ್ಪಾಗಿ ಬಿರುಸಾದ ಎರಡು ತುಂಡು. ಅವನು ಒಂದನ್ನು ಮೂಗಿಗೆ ಹಿಡಿದ. ಹಿಡಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

"ಇದ್ರಾಗೆ ಒಂದು ಎಲೆಅಡಿಕೆ ಚೀಲ ಆಯ್ತದಾ ಸಾಬ್ರೇ?"

"ಆಗುತ್ತೆ."

ಅಲ್ಲೇ ಕುಳಿತು ಎರಡು ತುಂಡನ್ನೂ ಒಂದರ ಮೇಲೊಂದು ಇಟ್ಟೆ. ಕೋಟಿನ ಹಳೆಯ ಹೊಲಿಗೆಯ ತೂತುಗಳು ಅಂಚಿನಲ್ಲಿ ಹಾಗೇ ಇದ್ದವು. ಹೊಸದಾಗಿ ಚುಚ್ಚಲಿಲ್ಲ. ವಾಕರ್ ಕೊಟ್ಟ ಮೇಣವನ್ನು ದಾರಕ್ಕೆ ಎಳೆದು, ಅವೇ ತೂತುಗಳಲ್ಲಿ ಎರಡು ಸೂಜಿ ಹಾಯಿಸುತ್ತ ಹೊಲಿದೆ. ಬಾಯಿಗೆ ಒಂದು ದಾರ ಕಟ್ಟಿದೆ. ನನ್ನ ಅಂಗಡಿಯಿಂದ ಹೊರಡುವ ಯಾವ ವಸ್ತುವೂ ಕೊನೆಯಲ್ಲಿ ಹೊಂಗೆಯೆಣ್ಣೆಯ ಒರೆ ಕಾಣದೆ ಹೋಗುವುದಿಲ್ಲ. ಇದು ನನ್ನ ತಂದೆಯ ಕಾಲದಿಂದ ಬಂದ ನಿಯಮ. ಬಟ್ಟಲು ಹತ್ತಿರ ಎಳೆದು ಚಿಂದಿಯನ್ನು ಅದ್ದಿದೆ.

ಬೊಮ್ಮ ನನ್ನ ಮಣಿಕಟ್ಟು ಹಿಡಿದ.

"ಎಣ್ಣೆ ಬ್ಯಾಡಿ ಸಾಬ್ರೇ. ವಾಸ್ನೆ ಓಯ್ತದೆ."

ಎಣ್ಣೆ ಕಾಣದ ತೊಗಲು ಬೇಗ ಬಿರಿಯುತ್ತದೆ, ಎರಡು ಬೇಸಗೆ ತಾಳುವುದಿಲ್ಲ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಚಿಂದಿಯನ್ನು ಹಿಂಡಿ ಒಣಗಲು ಹಾಕಿದೆ. ಚೀಲವನ್ನು ಅವನ ಕೈಗೆ ಕೊಟ್ಟು, ಎಣ್ಣೆಯ ಬಟ್ಟಲಿನ ಮುಚ್ಚಳ ಮುಚ್ಚಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.